ದ್ವೀಪದ ಮರಿಹಕ್ಕಿಯೂ ಆಸ್ಪತ್ರೆಯ ಜೀನೂ

ಆಸ್ಟ್ರೇಲಿಯಾದ ಪೂರ್ವತೀರದಲ್ಲಿ, ಸಿಡ್ನಿ ನಗರಕ್ಕೆ ದಕ್ಷಿಣವಾಗಿ ಸುಮಾರು 80 ಕಿಲೋಮೀಟರು ಹೋದರೆ, ಕಲ್ಲಿದ್ದಲು ಮತ್ತು ಉಕ್ಕಿನ ಉದ್ಯಮದಿಂದ ಬೆಳೆದ ವೊಲೊಂಗಾಂಗ್ ಎಂಬ ನಗರ ಸಿಕ್ಕುವುದು. ಅದರ ಬಂದರಾದ ಪೋರ್ಟ್ ಕೆಂಬ್ಲದ ಎದುರಿಗೆ, ದಡದಲ್ಲಿ ನಿಂತವರ ಕಣ್ಣಿಗೆ ನಿಚ್ಚಳವಾಗಿ ಕಾಣುವಷ್ಟು ಸಮೀಪದಲ್ಲಿ, ಐದು ಪುಟ್ಟ ದ್ವೀಪಗಳು ಸಮುದ್ರದಿಂದ ತಲೆಯೆತ್ತಿ ನಿಂತಿವೆ. ಅವುಗಳಲ್ಲಿ ಮನುಷ್ಯವಸತಿಯಿಲ್ಲ, ಕೃಷಿಯಿಲ್ಲ, ಆಸ್ಪತ್ರೆಯ ಮಾತಂತೂ ಇಲ್ಲವೇ ಇಲ್ಲ. ಅಲ್ಲಿಯ ಸರ್ಕಾರ ಅವನ್ನು ಪಕ್ಷಿಗಳಿಗೆಂದೇ ಮೀಸಲಾಗಿಟ್ಟು, ಅಪ್ಪಣೆಯಿಲ್ಲದೆ ಯಾರೂ ಕಾಲಿಡದಂತೆ ಕಾಯ್ದುಕೊಂಡು ಬಂದಿದೆ. ಅಲ್ಲಿ ಗೂಡುಕಟ್ಟುವ ಹಕ್ಕಿಗಳಲ್ಲಿ ಸಂಖ್ಯೆಯಿಂದ ಮುಖ್ಯವಾದದ್ದು ಬೆಳ್ಳಿ ಕಡಲಹಕ್ಕಿ: ಬಿಳಿಯ ಮೈ, ಬೂದುಬಣ್ಣದ ರೆಕ್ಕೆ, ಕೆಂಪು ಕೊಕ್ಕು, ಕೆಂಪು ಕಾಲು, ಇವುಗಳ ಜೊತೆಗೆ, ಸಮುದ್ರತೀರದಲ್ಲಿ ಕುಳಿತು ಕರಿದ ಆಲೂಗಡ್ಡೆ ತಿನ್ನುವವರ ಕೈಯಿಂದಲೇ ಅದನ್ನು ಕಸಿದುಕೊಂಡು ಹಾರಿಹೋಗುವ ಅಸಾಧಾರಣ ಧೈರ್ಯ.

2012ರಲ್ಲಿ ವಿಜ್ಞಾನಿಗಳು ಈ ದ್ವೀಪಗಳಿಗೂ ನ್ಯೂ ಸೌತ್ ವೇಲ್ಸ್ ಪ್ರಾಂತದ ಕರಾವಳಿಯ ಇನ್ನೆರಡು ಸ್ಥಳಗಳಿಗೂ ಹೋಗಿ, ಇನ್ನೂ ಹಾರಲು ಕಲಿಯದ ಕಡಲಹಕ್ಕಿಯ ಮರಿಗಳನ್ನು ಪರೀಕ್ಷಿಸಿದರು. ಕೆಲಸದ ಕ್ರಮ ನೋಡುವುದಕ್ಕೆ ತೀರ ಸರಳವಾದದ್ದು. ತುದಿಗೆ ಹತ್ತಿ ಸುತ್ತಿದ ಕಡ್ಡಿಯೊಂದನ್ನು ಮರಿಯ ಗುದದ್ವಾರದಲ್ಲಿ ಮೃದುವಾಗಿ ಹೊರಳಿಸಿ ತೆಗೆದು, ಅದನ್ನು ಜೋಪಾನವಾಗಿ ಪ್ರಯೋಗಾಲಯಕ್ಕೆ ಒಯ್ದು, ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಅಗರಿನ ಮೇಲೆ ಸವರಿ, ನಮ್ಮ ದೇಹದ ಶಾಖಕ್ಕೆ ಸಮನಾದ ಬೆಚ್ಚಗಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಇರಿಸಿದರೆ, ಕರುಳಿನಲ್ಲಿದ್ದ ಬ್ಯಾಕ್ಟೀರಿಯಾಗಳು ಬೆಳಗಾಗುವಷ್ಟರಲ್ಲಿ ಕಣ್ಣಿಗೆ ಕಾಣುವ ಚುಕ್ಕಿಗಳಾಗಿ ಬೆಳೆದಿರುವುವು. ಆದರೆ ಈ ಅಗರಿನಲ್ಲಿ ಮುಂಚಿತವಾಗಿಯೇ ಬಲವಾದ ಪ್ರತಿಜೀವಕ ಔಷಧವನ್ನು, ಎಂದರೆ ನಾವೆಲ್ಲ ಆ್ಯಂಟಿಬಯಾಟಿಕ್ ಎಂದು ಕರೆಯುವ ಔಷಧವನ್ನು, ಬೆರೆಸಿರುತ್ತಾರೆ. ಕೆಲವು ತಟ್ಟೆಗಳಲ್ಲಿ ಸಿಪ್ರೊಫ್ಲಾಕ್ಸಸಿನ್, ಕೆಲವದರಲ್ಲಿ ಸೆಫೊಟಾಕ್ಸಿಮ್, ಇನ್ನು ಕೆಲವದರಲ್ಲಿ ಮೆರೋಪೆನೆಮ್. ಜನ್ಮದಲ್ಲಿ ಒಂದು ಮಾತ್ರೆಯನ್ನೂ ನುಂಗದ, ಗೂಡಿನ ಆಸುಪಾಸು ಬಿಟ್ಟು ಎಲ್ಲಿಗೂ ಹೋಗದ ಕಾಡುಹಕ್ಕಿಯ ಮರಿಯೊಂದರ ಕರುಳಿನಿಂದ ಬಂದ ಸೂಕ್ಷ್ಮಾಣುಗಳು ಇಂಥ ತಟ್ಟೆಯಲ್ಲಿ ಬದುಕಿ ಉಳಿಯುವುದಕ್ಕೆ ನ್ಯಾಯವಾಗಿ ಯಾವ ಕಾರಣವೂ ಇಲ್ಲ. ತಟ್ಟೆ ಬರಿದಾಗಿಯೇ ಉಳಿಯಬೇಕು.

ತಟ್ಟೆಗಳು ಬರಿದಾಗಿ ಉಳಿಯಲಿಲ್ಲ. 2016ರಲ್ಲಿ ಪ್ರಕಟವಾದ ಮೊದಲ ವರದಿಯ ಪ್ರಕಾರ, ಆ ಐದು ದ್ವೀಪಗಳ ಹಕ್ಕಿಗಳಲ್ಲಿ ಶೇಕಡಾ 40ರಷ್ಟು, ಮೆರೋಪೆನೆಮ್ ವರ್ಗದ ಔಷಧಗಳನ್ನು ನಾಶಮಾಡಬಲ್ಲ ಬ್ಯಾಕ್ಟೀರಿಯಾಗಳನ್ನು ಹೊತ್ತಿದ್ದುವು. 

ಈ ಸಂಖ್ಯೆಯ ಗಾಂಭೀರ್ಯ ಮನಸ್ಸಿಗೆ ಹಿಡಿಯಬೇಕಾದರೆ ಮೆರೋಪೆನೆಮ್ ಎಂಬುದೇನೆಂದು ಸ್ವಲ್ಪ ತಿಳಿದಿರಬೇಕು. ಮನೆಯಲ್ಲಿ ಯಾರಾದರೂ ತೀವ್ರ ನಿಗಾ ಘಟಕದಲ್ಲಿ ನಾಲ್ಕು ದಿನ ಮಲಗಿದ್ದು, ಬಿಡುಗಡೆಯ ದಿನ ಆಸ್ಪತ್ರೆಯವರು ಕೊಟ್ಟ ಉದ್ದನೆಯ ಬಿಲ್ಲನ್ನು ಸಾವಧಾನವಾಗಿ ಓದಿದವರಿಗೆ ಈ ಹೆಸರು ಪರಿಚಿತವಾಗಿರಲು ಸಾಕು. ಕಾರ್ಬಪೆನೆಮ್ ಎಂಬ ವಂಶಕ್ಕೆ ಸೇರಿದ ಔಷಧ ಇದು. ಮಣ್ಣಿನ ಸೂಕ್ಷ್ಮಜೀವಿಯೊಂದು ತಯಾರಿಸುವ ಥಿಯೆನಮೈಸಿನ್ ಎಂಬ ವಸ್ತುವನ್ನು 1976ರಲ್ಲಿ ಲೋಕಕ್ಕೆ ತಿಳಿಸಿದಂದಿನಿಂದ ಈ ವಂಶದ ಚರಿತ್ರೆ ಆರಂಭವಾಗುತ್ತದೆ. 1980ರ ದಶಕದಲ್ಲಿ ಇಮಿಪೆನೆಮ್, ಅದರ ತರುವಾಯ ಮೆರೋಪೆನೆಮ್ ರೋಗಿಗಳ ಉಪಯೋಗಕ್ಕೆ ಬಂದುವು. ಪೆನಿಸಿಲಿನ್ನೂ ಅದರ ದಾಯಾದಿಗಳೂ ಸೋತಲ್ಲಿ ವೈದ್ಯನು ಕೈಹಾಕುವುದು ಇವುಗಳಿಗೆ. ಇವೂ ಸೋತರೆ ಉಳಿಯುವ ಉಪಾಯಗಳು ಕೆಲವೇ ಕೆಲವು. ಅವುಗಳಲ್ಲೊಂದಾದ ಕೊಲಿಸ್ಟಿನ್ ಮೂತ್ರಪಿಂಡಕ್ಕೆ ಕೆಡುಕುಮಾಡತಕ್ಕ ಹಳೆಯ ಔಷಧ. ಅದಕ್ಕೂ ಬಗ್ಗದ ಬ್ಯಾಕ್ಟೀರಿಯಾ ಚೀನಾದಲ್ಲಿ ಸಾಕುಹಂದಿಗಳಲ್ಲಿಯೂ ಮಾಂಸದಲ್ಲಿಯೂ ರೋಗಿಗಳಲ್ಲಿಯೂ ಇರುವುದು 2015ರಲ್ಲಿ ಬಯಲಾಯಿತು.

ದ್ವೀಪದ ಮರಿಗಳಲ್ಲಿದ್ದ ಬ್ಯಾಕ್ಟೀರಿಯಾಗಳಿಗೆ ಮೆರೋಪೆನೆಮನ್ನು ನಾಶಮಾಡುವ ಶಕ್ತಿಯನ್ನು ಕೊಟ್ಟ ಜೀನಿಗೆ ಐಎಂಪಿ-4 ಎಂದು ಹೆಸರು. ಸತುವಿನ ಪರಮಾಣುಗಳನ್ನು ಒಳಗಿಟ್ಟುಕೊಂಡ ಒಂದು ಕಿಣ್ವವನ್ನು ತಯಾರಿಸುವ ವಿಧಾನ ಈ ಜೀನಿನಲ್ಲಿ ಅಡಗಿದೆ. ಔಷಧದ ಪ್ರಾಣವೇ ಆಗಿರುವ ನಾಲ್ಕು ಪರಮಾಣುಗಳ ಉಂಗುರವನ್ನು ಆ ಕಿಣ್ವ ಕತ್ತರಿಸಿ ಹಾಕುವುದರಿಂದ, ಸಾವಿರಾರು ರೂಪಾಯಿ ಬೆಲೆಯ ಚುಚ್ಚುಮದ್ದು ನೀರಿಗೆ ಸಮಾನವಾಗಿಬಿಡುತ್ತದೆ. ಈ ಜೀನನ್ನು ವೈದ್ಯರು ಮೊದಲು ಕಂಡದ್ದು ಹಾಂಗ್‌ಕಾಂಗಿನ ರೋಗಿಗಳಲ್ಲಿ. 2000ದ ದಶಕದಿಂದ ಮೆಲ್ಬರ್ನ್, ಸಿಡ್ನಿ ಮೊದಲಾದ ನಗರಗಳ ಆಸ್ಪತ್ರೆಗಳಲ್ಲಿ ಅದು ಬೇರೂರಿ, ಆಸ್ಟ್ರೇಲಿಯಾದ ಪೂರ್ವಭಾಗದಲ್ಲಿ ಈ ಬಗೆಯ ಪ್ರತಿರೋಧಕ್ಕೆ ಅದೇ ಮುಖ್ಯ ಕಾರಣವೆನ್ನುವ ಸ್ಥಿತಿ ಬಂದಿತು. ಎಂದಮೇಲೆ ಇದು ಆಸ್ಪತ್ರೆಯ ಜೀನು. ರೋಗಿಯ ಹಾಸಿಗೆ, ಮೂತ್ರನಾಳಕ್ಕೆ ತೂರಿಸಿದ ಕೊಳವೆ, ಕೈತೊಳೆಯುವ ತೊಟ್ಟಿ, ಇವುಗಳ ನಡುವೆ ಹುಟ್ಟಿ ಬೆಳೆದ ವಸ್ತುವೊಂದು ಜನವಸತಿಯಿಲ್ಲದ ದ್ವೀಪದ ಗೂಡನ್ನು ಸೇರಿದ ಬಗೆ ಹೇಗೆ?

ಮರಿ ತಾನಾಗಿ ಎಲ್ಲಿಗೂ ಹೋಗಲಿಲ್ಲವಷ್ಟೆ, ಹೋದದ್ದು ತಾಯಿತಂದೆಗಳು. ಕಡಲಹಕ್ಕಿ ತಾನು ನುಂಗಿದ್ದನ್ನೇ ಗೂಡಿಗೆ ಬಂದು ಕಕ್ಕಿ ಮರಿಗೆ ಉಣಿಸುತ್ತದೆ. 1940ರ ದಶಕದಲ್ಲಿ ಈ ದ್ವೀಪಗಳಲ್ಲಿ ಬೆರಳೆಣಿಕೆಯಷ್ಟು ಜೋಡಿಗಳು ಮಾತ್ರ ಗೂಡುಕಟ್ಟುತ್ತಿದ್ದುವು. 1970ರ ದಶಕ ಮುಗಿಯುವ ವೇಳೆಗೆ ಅವು ಹತ್ತಾರು ಸಾವಿರ ಜೋಡಿಗಳಾಗಿದ್ದುವು. ಅಷ್ಟರಲ್ಲಿ ಸಮುದ್ರದಲ್ಲಿ ಮೀನೇನೂ ಹೆಚ್ಚಲಿಲ್ಲ. ಹೆಚ್ಚಿದ್ದು ದಡದ ಮೇಲಿನ ಕಸ. ನಗರದ ತ್ಯಾಜ್ಯವನ್ನು ಸುರಿಯುವ ಬಯಲುಗಳು, ಕೊಳಚೆನೀರಿನ ಶುದ್ಧೀಕರಣದ ಕೊಳಗಳು, ಹೋಟೆಲಿನ ಹಿಂಬದಿಯ ಡಬ್ಬಗಳು, ಇವೆಲ್ಲ ಈ ಹಕ್ಕಿಗೆ ಬಾರಹಮಾಸಿ ಅನ್ನಸತ್ರಗಳಾದುವು. ಔಷಧ ಸೇವಿಸಿದ ಮನುಷ್ಯನ ಕರುಳಿನಲ್ಲಿ ಬದುಕಿ ಉಳಿದ ಬ್ಯಾಕ್ಟೀರಿಯಾ ಮಲದೊಂದಿಗೆ ಚರಂಡಿಗೂ, ಒರೆಸಿ ಎಸೆದ ಬಟ್ಟೆಯೊಂದಿಗೆ ಕಸದ ರಾಶಿಗೂ ಹೋಗುವುದು. ಹಕ್ಕಿ ಅಲ್ಲಿ ಮೇಯುವುದು. ಸಂಜೆಗೆ ಗೂಡಿಗೆ ಮರಳುವುದು. ಈ ದಾರಿಯ ಯಾವ ತಿರುವಿನಲ್ಲಿ ಯಾವ ದಿನ ಐಎಂಪಿ-4 ಹಕ್ಕಿಯ ಹೊಟ್ಟೆ ಸೇರಿತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ದಾರಿ ಮಾತ್ರ ಇಷ್ಟು ಉದ್ದವೂ ತೆರೆದೇ ಇದೆ.

ಕಥೆಯ ನಿಜವಾದ ಸ್ವಾರಸ್ಯ ಕಾಣಿಸಿಕೊಂಡದ್ದು ಹತ್ತು ವರ್ಷಗಳ ತರುವಾಯ. ಅದೇ ಮರಿಗಳಿಂದ ಸಂಗ್ರಹಿಸಿಟ್ಟಿದ್ದ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ 425 ಮಾದರಿಗಳ ಸಂಪೂರ್ಣ ಜೀನ್‌ಲಿಪಿಯನ್ನು ಓದಿ, ಅದರ ಫಲಿತಾಂಶವನ್ನು 2022ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ನಾವು ಎಣಿಸುವುದೇನೆಂದರೆ, ಎಲ್ಲಿಂದಲೋ ಬಂದ ಒಂದು ದುಷ್ಟ ತಳಿ ಹಕ್ಕಿಯಿಂದ ಹಕ್ಕಿಗೆ ಹಬ್ಬಿ ದ್ವೀಪವನ್ನೆಲ್ಲ ವ್ಯಾಪಿಸಿರಬೇಕು ಎಂದು. ಸಂಗತಿ ಹಾಗಿರಲಿಲ್ಲ. ಮೂರು ಸ್ಥಳಗಳನ್ನೂ ಸೇರಿಸಿ ಅವರಿಗೆ ಸಿಕ್ಕಿದ್ದು 96 ಬಗೆಯ ಇ. ಕೋಲೈ, ಅವುಗಳಲ್ಲಿ 25 ಬಗೆಗಳು ಐಎಂಪಿ-4 ಜೀನನ್ನು ಹೊತ್ತಿದ್ದುವು, ಆ 25ಕ್ಕೆ 25ರಷ್ಟೂ ಈ ಐದು ದ್ವೀಪಗಳಿಂದಲೇ ಬಂದವು. ಒಂದಕ್ಕೊಂದು ಹತ್ತಿರದ ನಂಟಿಲ್ಲದ ಇಪ್ಪತ್ತೈದು ಕುಲಗಳು ಒಂದೇ ಊರಿನಲ್ಲಿ ಒಂದೇ ಆಯುಧವನ್ನು ಹಿಡಿದು ನಿಂತಿವೆಯೆಂದರೆ, ಅವು ಅದನ್ನು ಪೂರ್ವಿಕರಿಂದ ಪಡೆದವೆಂದು ಹೇಳುವಂತಿಲ್ಲ; ಒಂದರಿಂದ ಒಂದು ಕೈಸಾಲವಾಗಿ ಪಡೆದಿರಬೇಕು.

ಬ್ಯಾಕ್ಟೀರಿಯಾಗಳ ಲೋಕದಲ್ಲಿ ಇದು ದಿನನಿತ್ಯದ ವ್ಯವಹಾರ. ಅವುಗಳ ಮುಖ್ಯ ಜೀನ್‌ತಂತುವಿನ ಹೊರಗೆ, ಪ್ಲಾಸ್ಮಿಡ್ ಎಂಬ ಪುಟ್ಟ ಬಳೆಯಾಕಾರದ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ. ಎರಡು ಬ್ಯಾಕ್ಟೀರಿಯಾಗಳು ಒತ್ತೊತ್ತಿಗೆ ಬಂದಾಗ, ಸ್ವಜಾತಿ ಪರಜಾತಿಯೆಂಬ ಭೇದವನ್ನೂ ಬಹುಮಟ್ಟಿಗೆ ಮರೆತು, ನಡುವೆ ಸಣ್ಣ ಸೇತುವೆಯೊಂದನ್ನು ಕಟ್ಟಿಕೊಂಡು ಒಂದು ಇನ್ನೊಂದಕ್ಕೆ ಇದರ ಪ್ರತಿಯನ್ನು ದಾಟಿಸುತ್ತದೆ. ನೆರೆಮನೆಯಿಂದ ಒಂದು ಚಮಚೆ ಹೆಪ್ಪನ್ನು ಕಡ ತಂದಂತೆ ಇದು: ಕೊಟ್ಟವರ ಮನೆಯ ಮೊಸರು ಕಡಮೆಯಾಗುವುದಿಲ್ಲ, ತಂದವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಗಡಿಗೆ ತುಂಬ ಮೊಸರಾಗಿ ಅವರೂ ಮೂರನೆಯ ಮನೆಗೆ ಹೆಪ್ಪು ಕೊಡಬಲ್ಲವರಾಗುತ್ತಾರೆ. ಜಪಾನಿನ ವಿಜ್ಞಾನಿಗಳು ಆಮಶಂಕೆಯ ಬ್ಯಾಕ್ಟೀರಿಯಾಗಳಲ್ಲಿ ಈ ಕೊಡುಕೊಳ್ಳುವಿಕೆಯನ್ನು 1950ರ ದಶಕದ ಕೊನೆಗೇ ಗುರುತಿಸಿದ್ದರು. ಆಗ ಪ್ರತಿಜೀವಕಗಳ ವಿಜಯಯಾತ್ರೆ ಇನ್ನೂ ಭರದಿಂದ ಸಾಗಿದ್ದ ಕಾಲವಾದುದರಿಂದ ಲೋಕ ಅದಕ್ಕೆ ಕೊಡಬೇಕಾದಷ್ಟು ಲಕ್ಷ್ಯ ಕೊಡಲಿಲ್ಲ. ಕಡಲಹಕ್ಕಿಯ ಕರುಳು ಇಂಥ ವಿನಿಮಯಕ್ಕೆ ಹೇಳಿಮಾಡಿಸಿದ ಸ್ಥಳ. ಮನುಷ್ಯನ ಚರಂಡಿಯಿಂದ ಬಂದದ್ದು, ಕೋಳಿಮಾಂಸದ ಎಂಜಲಿನಿಂದ ಬಂದದ್ದು, ಸಾಕುನಾಯಿಯ ಮಲದಿಂದ ಬಂದದ್ದು, ಬೇರೆಡೆ ಒಂದನ್ನೊಂದು ಸುಲಭವಾಗಿ ಸಂಧಿಸಲಾರದ ಈ ಬ್ಯಾಕ್ಟೀರಿಯಾಗಳು ಅಲ್ಲಿ ಒಂದೇ ಬೆಚ್ಚನೆಯ ಕೋಣೆಯಲ್ಲಿ ಕಲೆಯುತ್ತವೆ. ಹಕ್ಕಿಯನ್ನು ಬರಿಯ ಅಂಚೆಯವನೆಂದು ಭಾವಿಸುವುದು ಆದುದರಿಂದ ಪೂರ್ತಿ ಸರಿಯಲ್ಲ. ಹೊತ್ತುತಂದ ಕಾಗದಗಳು ಅದರ ಚೀಲದೊಳಗೇ ತಿದ್ದುಪಡಿಯಾಗುತ್ತಿವೆ.

ಇದು ಒಂದು ದ್ವೀಪದ ವಿಚಿತ್ರವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಆಸ್ಟ್ರೇಲಿಯಾದ ನಾನಾ ಕಡೆಯ ಕಡಲಹಕ್ಕಿಗಳಲ್ಲಿ ಐದಕ್ಕೆ ಒಂದಕ್ಕಿಂತ ಹೆಚ್ಚು, ಮುಖ್ಯ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಹೊತ್ತಿವೆಯೆಂದು ತಿಳಿಸಿತು. ಅಲಾಸ್ಕದಲ್ಲಿ ಕಡಲಹಕ್ಕಿಗಳ ಬೆನ್ನಿಗೆ ಉಪಗ್ರಹದ ಸಂಜ್ಞಾಯಂತ್ರಗಳನ್ನು ಕಟ್ಟಿ ನೋಡಿದವರಿಗೆ, ಕಸದ ಬಯಲಿನಲ್ಲಿ ಮೇದ ಹಕ್ಕಿಗಳೇ ನದೀಮುಖಗಳಿಗೆ ಹಾರಿ ಹೋಗುವುದೂ, ಬ್ಯಾಕ್ಟೀರಿಯಾಗಳ ನಂಟು ಆ ಹಾದಿಗೆ ಹೊಂದುವುದೂ ಕಂಡುಬಂದಿತು. ಆಕ್ಸ್‌ಫರ್ಡಿನ ಸಂಶೋಧಕರು 2024ರಲ್ಲಿ ಎಂಟು ದೇಶಗಳ 30 ಜಾತಿಯ ಹಕ್ಕಿಗಳಿಂದ ತೆಗೆದ 700 ಬ್ಯಾಕ್ಟೀರಿಯಾ ಮಾದರಿಗಳನ್ನು ಪರಿಶೀಲಿಸಿ, ಮನುಷ್ಯರ ನೆರೆಯಲ್ಲಿ ಬದುಕುವ ಹಕ್ಕಿಗಳು ದೂರದ ಹಕ್ಕಿಗಳಿಗಿಂತ ಮೂರು ಪಟ್ಟಿನವರೆಗೆ ಹೆಚ್ಚಾಗಿ ಪ್ರತಿರೋಧದ ಜೀನುಗಳನ್ನು ಹೊತ್ತಿವೆಯೆಂದು ವರದಿಮಾಡಿದರು. ಔಷಧದ ವಾಸನೆಯೂ ಸುಳಿಯದ ಉತ್ತರಧ್ರುವ ಪ್ರದೇಶದ ಹಕ್ಕಿಗಳಲ್ಲಿಯೂ ಕೆಲವದರಲ್ಲಿ ಈ ಗುಣ ಇರುವುದೆಂದು 2008ರಲ್ಲಿಯೇ ಗೊತ್ತಾಗಿತ್ತು.

ಇಷ್ಟನ್ನು ಓದಿದವರಿಗೆ ಹುಟ್ಟುವ ಮೊದಲ ಯೋಚನೆ, ಈ ಹಕ್ಕಿಗಳಿಂದ ನಮಗೇನು ಗತಿ ಎಂಬುದು. ಪತ್ರಿಕೆಗಳ ತಲೆಬರಹಗಳೂ ಆ ಭಯಕ್ಕೆ ಗಾಳಿಹಾಕುವುದೇ ಹೆಚ್ಚು. ಭಯ ಕೇವಲ ನಿರಾಧಾರವಲ್ಲ. ಸ್ವೀಡನ್ನಿನಲ್ಲಿ ಬಾತುಕೋಳಿಗಳ ಒಂದು ಹಿಂಡನ್ನು ಪ್ರಯೋಗಕ್ಕಾಗಿ ಸಾಕಿದಾಗ, ಪ್ರತಿರೋಧವುಳ್ಳ ಬ್ಯಾಕ್ಟೀರಿಯಾ ಔಷಧದ ಒತ್ತಾಯ ಎಳ್ಳಷ್ಟೂ ಇಲ್ಲದೆಯೇ ಒಂದರಿಂದ ಇನ್ನೊಂದಕ್ಕೆ ಬೇಗನೆ ಹಬ್ಬಿ, ಬಹುಕಾಲ ಅಲ್ಲಿಯೇ ನೆಲಸಿತು; ನಾವು ಕುಡಿಯುವ ನೀರಿನ ತೊಟ್ಟಿಗೂ ಆಟದ ಮೈದಾನಕ್ಕೂ ಹಕ್ಕಿ ಹಿಕ್ಕೆ ಹಾಕುವುದನ್ನು ಯಾರೂ ತಡೆಯಲಾರರು. ಆದರೂ ಪ್ರಮಾಣವನ್ನು ಮರೆಯಬಾರದು. ಕೀನ್ಯದ ನೈರೋಬಿ ನಗರದಲ್ಲಿ 99 ಮನೆಗಳನ್ನು ಆರಿಸಿ, ಆ ಮನೆಯ ಜನ, ದನಕೋಳಿ, ಅಂಗಳಕ್ಕೆ ಬರುವ ಇಲಿ, ಬಾವಲಿ, ಹಕ್ಕಿ ಎಲ್ಲದರ ಕರುಳಿನ ಬ್ಯಾಕ್ಟೀರಿಯಾಗಳನ್ನೂ ಒಟ್ಟಿಗೆ ತೂಗಿ ನೋಡಿದವರು, ಮುಖ್ಯ ಔಷಧಗಳಿಗೆ ಬಗ್ಗದಿರುವ ಗುಣ ಕಾಡುಪ್ರಾಣಿಗಳಲ್ಲಿ ಮನುಷ್ಯರಲ್ಲಿರುವುದಕ್ಕಿಂತಲೂ ಜಾನುವಾರುಗಳಲ್ಲಿರುವುದಕ್ಕಿಂತಲೂ ಸ್ಪಷ್ಟವಾಗಿ ಕಡಮೆಯೆಂದು ಕಂಡರು. ಲೆಕ್ಕದ ಪುಸ್ತಕ ತೆರೆದರೆ ಕೊಟ್ಟವರು ನಾವು, ಪಡೆದದ್ದು ಹಕ್ಕಿ. 2019ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ 12 ಲಕ್ಷ 70 ಸಾವಿರ ಜನ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಸತ್ತರೆಂದು ಅಂದಾಜುಮಾಡಿದ್ದಾರೆ. ಅವರಲ್ಲಿ ಬಹುತೇಕರಿಗೆ ಆ ಬ್ಯಾಕ್ಟೀರಿಯಾ ಅಂಟಿದ್ದು ಇನ್ನೊಬ್ಬ ಮನುಷ್ಯನಿಂದಲೋ ಆಸ್ಪತ್ರೆಯಿಂದಲೋ ಹೊರತು ಮಾಡಿನ ಮೇಲಿನ ಪಾರಿವಾಳದಿಂದಲ್ಲವೆಂದು ನಂಬುವುದಕ್ಕೆ ಸಕಲ ಕಾರಣಗಳೂ ಇವೆ.

ನನ್ನ ಮಟ್ಟಿಗೆ ಹಕ್ಕಿಯ ಬೆಲೆ ಇರುವುದು ಬೇರೊಂದು ಕಡೆ. ಆಸ್ಪತ್ರೆಯೊಳಗಿನ ಲೆಕ್ಕವನ್ನು ಆಸ್ಪತ್ರೆಯವರು ಬರೆದಿಡಬಹುದು, ಬರೆದದ್ದನ್ನು ಮುಚ್ಚಿಡಲೂಬಹುದು; ಶುದ್ಧೀಕರಣ ಘಟಕದ ಅಧಿಕಾರಿ ತನ್ನ ನೀರು ನಿಯಮಕ್ಕೆ ಅನುಸಾರವಾಗಿದೆಯೆಂದು ಪ್ರಮಾಣಪತ್ರ ತೋರಿಸಬಹುದು; ಹಕ್ಕಿಗೆ ಈ ದಾಕ್ಷಿಣ್ಯಗಳಿಲ್ಲ. ಗೋಡೆ, ಬೇಲಿ, ಇಲಾಖೆಯ ಎಲ್ಲೆ ಯಾವುದನ್ನೂ ಲೆಕ್ಕಿಸದೆ ಅದು ನಿತ್ಯವೂ ನಗರದ ಎಂಜಲನ್ನು ಆಯ್ದು ತಿನ್ನುತ್ತದೆ. ನಗರದಿಂದ ಏನು ಸೋರುತ್ತಿದೆಯೆಂಬುದಕ್ಕೆ ಅದರ ಹಿಕ್ಕೆಯೇ ಸಾಕ್ಷಿ. ಐದು ದ್ವೀಪಗಳಲ್ಲಿ ಸಿಕ್ಕಿದ ಐಎಂಪಿ-4 ಉಳಿದೆರಡು ಸ್ಥಳಗಳ ಮರಿಗಳಲ್ಲಿ ಸಿಕ್ಕಲಿಲ್ಲವೆಂಬುದು ಇಲ್ಲಿ ಬಹಳ ಮುಖ್ಯ. ಸೋರಿಕೆ ಎಲ್ಲೆಲ್ಲಿಯೂ ಸಮನಾಗಿಲ್ಲ. ಎಲ್ಲಿ ಹೆಚ್ಚೆಂಬುದನ್ನು ಹಕ್ಕಿ ತೋರಿಸಿಕೊಟ್ಟಿತು.

ಭಾರತದವರಾದ ನಮಗೆ ಈ ಕಥೆಯಲ್ಲಿ ಒಂದು ಹಳೆಯ ನೋವಿದೆ. ಎನ್‌ಡಿಎಂ-1 ಎಂಬ ಇನ್ನೊಂದು ಜೀನು, ಇದೂ ಕಾರ್ಬಪೆನೆಮ್ ಔಷಧಗಳನ್ನು ಕತ್ತರಿಸತಕ್ಕದ್ದೇ, ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ರೋಗಿಯೊಬ್ಬರಲ್ಲಿ ಮೊದಲು ಪತ್ತೆಯಾಗಿ, ಆ ಊರಿನ ಹೆಸರನ್ನೇ ಹೊತ್ತುಕೊಂಡು ಲೋಕಪ್ರಸಿದ್ಧವಾಯಿತು. ಆಗ ದೆಹಲಿಯ ಅಧಿಕಾರವರ್ಗಕ್ಕೆ ಬಂದ ಕೋಪವೆಲ್ಲ ಹೆಸರಿನ ಮೇಲೆ. 2011ರಲ್ಲಿ ಬ್ರಿಟಿಷ್ ಸಂಶೋಧಕರು ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳಲ್ಲಿ 51ರಲ್ಲಿಯೂ, ನಲ್ಲಿನೀರಿನ 50 ಮಾದರಿಗಳಲ್ಲಿ 2ರಲ್ಲಿಯೂ ಆ ಜೀನು ಸಿಕ್ಕಿತೆಂದು ಪ್ರಕಟಿಸಿದಾಗಲೂ ಚರ್ಚೆ ದೇಶದ ಮಾನದ ಸುತ್ತಲೇ ಸುತ್ತಿತು. ಬೀದಿಯಲ್ಲಿ ನಿಂತ ನೀರು ನಿಂತಲ್ಲಿಯೇ ನಿಂತಿತು. ಅದಾದ ಎರಡೇ ವರ್ಷಕ್ಕೆ, 2013ರಲ್ಲಿ, ಜರ್ಮನಿಯ ಒಂದು ಹದ್ದಿನಲ್ಲಿ ಸಿಕ್ಕಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಈ ಎನ್‌ಡಿಎಂ-1 ಜೀನನ್ನು ಹೊತ್ತಿತ್ತೆಂಬ ವರದಿ ಬಂದಿತು. ಆ ಹದ್ದು ಬೇರೆ ಯಾವುದೋ ಅಪರೂಪದ ಪಕ್ಷಿಯಲ್ಲ. ದೆಹಲಿಯ ಘಾಜಿಪುರದ ಕಸದ ಬೆಟ್ಟದ ಮೇಲೆ ಸಾವಿರಗಟ್ಟಲೆ ಸುತ್ತುವ, ಬೆಂಗಳೂರಿನ ಶಿವಾಜಿನಗರದಲ್ಲಿ ಮಾಂಸದಂಗಡಿಗಳ ನೆತ್ತಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ತೇಲುವ ಕಂದುಬಣ್ಣದ ಹದ್ದಿನ ಜಾತಿಯೇ. ಜರ್ಮನಿಯ ಹಕ್ಕಿ ನಮ್ಮಲ್ಲಿಂದ ಹೋಯಿತೆಂದು ಇದರ ಅರ್ಥವಲ್ಲ, ಯುರೋಪಿನ ಹದ್ದುಗಳು ಚಳಿಗಾಲಕ್ಕೆ ಇಳಿಯುವುದು ಬಹುಪಾಲು ಆಫ್ರಿಕಕ್ಕೆ. ಆದರೆ ಇಂಥ ಜೀನುಗಳಿಗೆ ಹದ್ದಿನ ಕರುಳು ಪರಕೀಯವಲ್ಲವೆಂಬಷ್ಟು ಅದರಿಂದ ಸಿದ್ಧವಾಗುತ್ತದೆ.

ನಮ್ಮಲ್ಲಿ ಔಷಧದ ಅಂಗಡಿಯವರು ಚೀಟಿಯಿಲ್ಲದೆ ಕೊಡುವ ಮಾತ್ರೆಗಳ ಮಾತು ಹಳೆಯದು. ಅದನ್ನು ತಡೆಯಲು 2014ರಿಂದ ಜಾರಿಯಲ್ಲಿರುವ ಎಚ್-1 ಅನುಸೂಚಿ ಎಷ್ಟು ಅಂಗಡಿಗಳ ರಿಜಿಸ್ಟರಿನಲ್ಲಿ ನಿಜವಾಗಿ ಜೀವಂತವಾಗಿದೆಯೆಂಬುದನ್ನು ಓದುಗರು ತಮ್ಮ ಬೀದಿಯ ಮೆಡಿಕಲ್ ಸ್ಟೋರಿಗೆ ಒಮ್ಮೆ ಹೋಗಿ ತಿಳಿಯಬಹುದು. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಬಳಸುವುದನ್ನು 2019ರಲ್ಲಿ ನಿಷೇಧಿಸಿದ್ದು ಒಳ್ಳೆಯ ಕೆಲಸ. ಇವಕ್ಕಿಂತ ಕಡಮೆ ಚರ್ಚೆಗೆ ಬಂದಿರುವುದು ನೀರಿನ ವಿಷಯ. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿ, ಔಷಧ ಕಾರ್ಖಾನೆಗಳ ತ್ಯಾಜ್ಯವನ್ನು ಶುದ್ಧಿಮಾಡುವ ಘಟಕದಿಂದ ಹೊರಬಿದ್ದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಇತ್ತೆಂದು 2007ರಲ್ಲಿ ಸ್ವೀಡನ್ನಿನವರು ತೋರಿಸಿಕೊಟ್ಟರು. ಚಿಕಿತ್ಸೆಯಲ್ಲಿರುವ ರೋಗಿಯ ರಕ್ತದಲ್ಲಿಯೂ ಆ ಔಷಧ ಅಷ್ಟು ಇರುವುದಿಲ್ಲ. ಅಂಥ ನೀರಿನಲ್ಲಿ ಬದುಕಿ ಉಳಿಯುವ ಬ್ಯಾಕ್ಟೀರಿಯಾ ಯಾವ ಬಗೆಯದಾಗಿರಬೇಕೆಂದು ಯಾರಾದರೂ ಊಹಿಸಬಹುದು.

ನಮ್ಮ ಮನೆಯಂಗಳದ ವಿಷಯವನ್ನೂ ಒಂದಿಷ್ಟು ಹೇಳಬೇಕು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನ ಗುರಿಯಿಟ್ಟುಕೊಂಡು, ಕೋಲಾರ ಜಿಲ್ಲೆಯ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ 2018ರಿಂದ ನಡೆದಿದೆ. ಬರದಿಂದ ಬೆಂದಿದ್ದ ಆ ಸೀಮೆಯಲ್ಲಿ ಕೆರೆಗಳು ತುಂಬಿದ್ದು, ಬತ್ತಿದ ಬಾವಿಗಳಿಗೆ ಒರತೆ ಬಂದದ್ದು ಸಣ್ಣ ಸಂಗತಿಯಲ್ಲ. ಅದನ್ನು ಹಗುರವಾಗಿ ನುಡಿಯುವ ಅಧಿಕಾರ ಕಾವೇರಿಯ ನೀರು ಕುಡಿಯುವ ಬೆಂಗಳೂರಿನವರಿಗಂತೂ ಇಲ್ಲ. ಆದರೆ ಎರಡನೆಯ ಹಂತದ ಸಂಸ್ಕರಣೆಯೆಂಬುದು ನೀರಿನ ಕೊಳೆಯನ್ನೂ ವಾಸನೆಯನ್ನೂ ತಗ್ಗಿಸುವುದಕ್ಕೆ ಏರ್ಪಟ್ಟ ವಿಧಾನವೇ ಹೊರತು, ಪ್ರತಿರೋಧದ ಜೀನುಗಳನ್ನು ಗಮನದಲ್ಲಿಟ್ಟು ರೂಪಿಸಿದ್ದಲ್ಲ. ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಕಲೆತು ಪ್ಲಾಸ್ಮಿಡ್‌ಗಳನ್ನು ಹಂಚಿಕೊಳ್ಳುವುದಕ್ಕೆ ಆ ತೊಟ್ಟಿಗಳಲ್ಲಿ ಅವಕಾಶವೂ ಬೇಕಾದಷ್ಟಿದೆ. ಮೂರನೆಯ ಹಂತದ ಸಂಸ್ಕರಣೆ ಬೇಕೆಂದು ಕೋಲಾರದ ರೈತ ಸಂಘಟನೆಗಳು ವರ್ಷಗಳಿಂದ ಕೇಳುತ್ತಿರುವುದನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ನೋಡಬೇಕು.

ತುಂಬಿದ ಕೆರೆಗಳಿಗೆ ಬೆಳ್ಳಕ್ಕಿಗಳೂ ನೀರುಕಾಗೆಗಳೂ ಮರಳಿ ಬಂದಿವೆ. ಅವುಗಳ ಹಿಕ್ಕೆಯನ್ನು ವರ್ಷಕ್ಕೊಂದು ಬಾರಿ ಸಂಗ್ರಹಿಸಿ, ಮೆರೋಪೆನೆಮ್ ಬೆರೆಸಿದ ತಟ್ಟೆಯ ಮೇಲೆ ಬೆಳೆಸಿ ನೋಡುವುದಕ್ಕೆ ಹಕ್ಕಿ ಹಿಡಿಯುವ ಬಲೆಯೂ ಬೇಡ, ವಿದೇಶದ ವಿಜ್ಞಾನಿಗಳೂ ಬೇಡ. ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗದಲ್ಲಿ ಇರುವ ಸಲಕರಣೆಗಳೇ ಧಾರಾಳವಾಗಿ ಸಾಕು. ಸರ್ಕಾರ ಈ ಪರೀಕ್ಷೆಯನ್ನು ಕೋಲಾರದ ಕೆರೆಗಳಲ್ಲಿಯೂ ಬೆಂಗಳೂರಿನ ಕಸದ ಬಯಲುಗಳ ಹದ್ದುಗಳಲ್ಲಿಯೂ ಆರಂಭಿಸಿ, ಬಂದ ಫಲಿತಾಂಶವನ್ನು ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಯಥಾವತ್ತಾಗಿ ಪ್ರಕಟಿಸಲಿ.